ಹಾಡಿಗೂ ಹಾಡಿಗೂ ನಡುವೆ ಏನಿದೆ ಕೇಳು

ತಮ್ಮಾ,

ಅಮೆರಿಕದ ರಾಕ್ ಬ್ಯಾಂಡ್ ಏರೋಸ್ಮಿತ್ ಬಗ್ಗೆ ನೀನು ಕಳ್ಸಿದ ಲೇಖನ ಎರಡು ಸಲ ಓದ್ದೆ. 'ಪಂಪ್' ಆಲ್ಬಮ್ ಬರೋ ಹೊತ್ತಿಗೆ ನಿನ್ನ ಲೇಖನಾನೇ ಮುಗ್ದೋಗಿದೆ, ಅದಕ್ಕೂ ಮುಂಚೆ ಬರೀ ಡ್ರಗ್ಸು, ಜಗಳ, ಮಾರಾಟದ ಲೆಕ್ಕ. ಅಮೆರಿಕ ಒಂದ್ರಲ್ಲೇ 70 ಲಕ್ಷ ಅಂತ ಬರ್ದಿದೀಯ, ಸರಿನೇ, ಆದ್ರೆ ಅದನ್ನ ಓದಿದವ್ರಿಗೆ ಈ ಆಲ್ಬಮ್ ಕಿವಿಗೆ ಹೇಗಿರುತ್ತೆ ಅಂತ ಒಂಚೂರೂ ಗೊತ್ತಾಗಲ್ಲ.

1979ರಲ್ಲಿ ಗಿಟಾರಿಸ್ಟ್ ಜೋ ಪೆರ್ರಿ ಬ್ಯಾಂಡ್ ಬಿಟ್ಟೋದ, 84ರಲ್ಲಿ ವಾಪಸ್ ಬಂದ, 86ರಲ್ಲಿ ರ್‍ಯಾಪ್ ಗುಂಪು ರನ್ ಡಿಎಂಸಿ ಜೊತೆ ಅವ್ರ ಹಳೇ ಹಾಡು 'ವಾಕ್ ದಿಸ್ ವೇ' ಮತ್ತೆ ಹಿಟ್ ಆಯ್ತು, 87ರಲ್ಲಿ 'ಪರ್ಮನೆಂಟ್ ವೆಕೇಶನ್' ಆಲ್ಬಮ್ ಗೆದ್ದೇಬಿಡ್ತು. ಅಂದ್ರೆ 89ರಲ್ಲಿ 'ಪಂಪ್' ಬರೋ ಹೊತ್ತಿಗೆ ಅವ್ರು ಆಗ್ಲೇ ವಾಪಸ್ ಬಂದಾಗಿತ್ತು! ನೀನು ಕೇಳ್ಬೇಕಿದ್ದ ಪ್ರಶ್ನೆನೇ ಬೇರೆ, ಗೆದ್ದ ಮೇಲೆ ಏನ್ ಮಾಡಿದ್ರು ಅಂತ.

'ಪಂಪ್'ಗೂ ಹಿಂದಿನ ಆಲ್ಬಮ್ಮಿನ ಪ್ರೊಡ್ಯೂಸರ್ ಅದೇ ಬ್ರೂಸ್ ಫೇರ್‌ಬೇರ್ನ್, ಸ್ಟುಡಿಯೋ ಅದೇ ಕೆನಡಾದ ವ್ಯಾಂಕೂವರಿನ ಲಿಟಲ್ ಮೌಂಟನ್, ಹಾಡು ಕಟ್ಟೋಕೆ ಹೊರಗಿನ ಹಾಡುಬರಹಗಾರರಾದ ಡೆಸ್ಮಂಡ್ ಚೈಲ್ಡ್, ಜಿಮ್ ವ್ಯಾಲೆನ್ಸ್ ಮತ್ತೆ ಕೈ ಹಾಕಿದಾರೆ. ಅದು ತಪ್ಪಲ್ಲ, ಅದಕ್ಕೆ ಮೂಗು ಮುರೀಬೇಡ. ಆದ್ರೆ ಅಷ್ಟು ಭದ್ರವಾದ ಜಾಗದಲ್ಲಿ ಕೂತ್ಕೊಂಡೇ ಈ ಜನ ವ್ಯಾಂಕೂವರಿನ ರ್‍ಯಾಂಡಿ ರೈನ್-ರಾಯ್ಷ್ ಅನ್ನೋ ವಾದ್ಯಗಾರನ್ನ ಕರ್ಸಿ ಗಾಜಿನಿಂದ ದನಿ ಹೊರಡಿಸೋ ಗಾಜಿನ ಹಾರ್ಮೋನಿಕಾ, ತಂತಿವಾದ್ಯ ಡಲ್ಸಿಮರ್, ಆಸ್ಟ್ರೇಲಿಯಾದ ಊದುವಾದ್ಯ ಡಿಜರಿಡೂ ಎಲ್ಲಾ ಅವನಿಂದ ನುಡಿಸಿದ್ರು, ರೇಡಿಯೋದಲ್ಲಿ ಯಾರೂ ಹಾಕದ ಪುಟ್ಟ ಪುಟ್ಟ ತುಣುಕುಗಳನ್ನ ಹಾಡುಗಳ ಮಧ್ಯೆ ಇಟ್ರು. ಆ ಗಾಜಿನ ದನಿ ಆದ್ಮೇಲೆ ಬರೋದೇ 'ಜೇನೀಸ್ ಗಾಟ್ ಎ ಗನ್'. ಅಪ್ಪನಿಂದಲೇ ಲೈಂಗಿಕ ದೌರ್ಜನ್ಯಕ್ಕೆ ಒಳಗಾದ ಮಗು ಒಂದು ಗನ್ ಎತ್ಕೊಳ್ಳೋ ಕಥೆ, ಬರ್ದಿದ್ದು ಗಾಯಕ ಸ್ಟೀವನ್ ಟೈಲರ್ ಮತ್ತು ಬೇಸ್ ಗಿಟಾರಿಸ್ಟ್ ಟಾಮ್ ಹ್ಯಾಮಿಲ್ಟನ್ ಇಬ್ರೇ, ಹೊರಗಿನವರ ಕೈ ಇಲ್ಲ. ಲಿಫ್ಟ್ ಒಳಗಿನ ಸರಸದ ಬಗ್ಗೆ ಕುಣಿಯೋ ಹಾಡಿರೋ ಆಲ್ಬಮ್ಮಲ್ಲೇ ಇದೂ ಇದೆ ಕಣೋ, ಗ್ರ್ಯಾಮಿ ಬಂದಿದ್ದೂ ಇದಕ್ಕೇ. ಮೊದಲ ಸಲ ಕೇಳಿದಾಗ ನಾನು ಟೇಪ್ ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಾನ್ಯಾಕೆ ಇಷ್ಟು ಒತ್ತಿ ಹೇಳ್ತಿದೀನಿ ಅಂದ್ರೆ, ಎಷ್ಟೋ ವರ್ಷ ಯಾರೂ ಓದದೇ ಇದ್ದ ನನ್ನ ಬರಹ ಒಂದು ಸಲ ಜನಕ್ಕೆ ಹಿಡಿಸ್ತು, ಪತ್ರಿಕೆಯವ್ರು 'ಅದೇ ಥರ ಇನ್ನೊಂದು ಕೊಡಿ ಸಾರ್' ಅಂದ್ರು, ನಾನೂ ಕೊಡ್ತಾ ಹೋದೆ, ಈಗ ತೆಗೆದು ಓದಿದ್ರೆ ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸನೇ ಕಾಣಲ್ಲ. ನನಗೇ ಅಂತ ಒಂದು ಸಾಲೂ ಅದ್ರಲ್ಲಿ ಬರ್ಕೊಂಡಿಲ್ಲ, ಆ ನೋವು ಇನ್ನೂ ಇದೆ.

ನಿನ್ನ ಭಾಷೆ ಚೆನ್ನಾಗಿದೆ, ಡ್ರಮ್ಮರ್ ಜೋಯಿ ಕ್ರೇಮರ್ ಬಗ್ಗೆ ಬರ್ದಿರೋ ಪ್ಯಾರಾ ಮುಟ್ಟಬೇಡ. ಮಿಕ್ಕಿದ್ದು ಬಿಡು. ಇವತ್ತು ರಾತ್ರಿ ಶಫಲ್ ಆಫ್ ಮಾಡಿ, ಹೆಡ್‌ಫೋನ್ ಹಾಕ್ಕೊಂಡು, ಮೊದಲಿಂದ ಕೊನೇವರ್ಗೂ ಒಂದೇ ಸಲ ಕೇಳು, ಆಮೇಲೆ ಆ ಗಾಜಿನ ದನಿಯಿಂದಲೇ ಶುರು ಮಾಡಿ ಬರೀ. ಭಾನುವಾರದೊಳಗೆ ಕಳ್ಸು, ಕಾಯ್ತಿರ್ತೀನಿ.

ನಿನ್ನ ಅಣ್ಣ