ಬೆಟ್ಟಕ್ಕೆ ಮೆಟ್ಟಿಲು ಬೇಡ, ಬುಡದಲ್ಲೊಂದು ಅಂಗಳ ಕೊಡಿ: ಅರಣ್ಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಅರಣ್ಯ ಸಚಿವರಿಗೆ ನಮಸ್ಕಾರಗಳು.

ಚಾರಣದ ದಾರಿ ಹಾಳಾಗಿದೆ ಎಂದು ದೂರು ಬಂದರೆ ಸಾಮಾನ್ಯವಾಗಿ ತಯಾರಾಗುವ ಅಂದಾಜುಪಟ್ಟಿ ಒಂದೇ: ಕಾಂಕ್ರೀಟ್ ಮೆಟ್ಟಿಲು, ಕಬ್ಬಿಣದ ಕಂಬಿ, ತುದಿಯಲ್ಲೊಂದು ವೀಕ್ಷಣಾ ಗೋಪುರ. ವಾರಾಂತ್ಯಗಳಲ್ಲಿ ಬೆಟ್ಟ ಹತ್ತುವ ನಾವು ಕೇಳುತ್ತಿರುವುದು ಇದ್ಯಾವುದೂ ಅಲ್ಲ. ದಾರಿಯಲ್ಲಿ ನೀರು ಹರಿಯದಂತೆ ಮಾಡಿ, ಜನ ಕಲೆಯಲು ಬುಡದಲ್ಲೇ ಜಾಗ ಮಾಡಿಕೊಡಿ. ಇಷ್ಟೇ.

ವಾರಾಂತ್ಯದ ಚಾರಣವೆಂದರೆ ಅರ್ಧ ನಡಿಗೆ, ಅರ್ಧ ಹರಟೆ. ಅದುವರೆಗೆ ಮುಖ ನೋಡದವರೂ ಅಂದು ಒಂದೇ ತಂಡದಲ್ಲಿರುತ್ತಾರೆ. ಪರಿಚಯ, ನಗು, ಫೋಟೋ ಎಲ್ಲ ಆಗಲೇಬೇಕು. ಇದನ್ನು ಶಿಸ್ತಿನ ಕೊರತೆ ಎನ್ನಬೇಡಿ, ಯೋಜನೆಯ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಏಕೆಂದರೆ ಈಗ ಆ ಹರಟೆಯೆಲ್ಲ ಕಿರಿದಾದ ದಾರಿಯ ನಡುವೆ, ಇಲ್ಲವೇ ಗಾಳಿ ಬೀಸುವ ತುದಿಯಲ್ಲಿ ನಡೆಯುತ್ತಿದೆ.

ಸಮಯದ ಲೆಕ್ಕ ನೋಡಿ. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೇಸ್ಮಿತ್ 1892ರಲ್ಲಿ ಕೊಟ್ಟ ಸೂತ್ರ ಇಂದಿಗೂ ಬಳಕೆಯಲ್ಲಿದೆ: ಪ್ರತಿ 5 ಕಿಲೋಮೀಟರಿಗೆ 1 ಗಂಟೆ, ಪ್ರತಿ 600 ಮೀಟರ್ ಏರಿಕೆಗೆ ಇನ್ನೊಂದು ಗಂಟೆ. 5 ಕಿ.ಮೀ. ದಾರಿ, 900 ಮೀಟರ್ ಏರಿಕೆ ಎಂದರೆ ಎರಡೂವರೆ ಗಂಟೆ. ಇದು ನಿಲ್ಲದೆ ನಡೆಯುವವರ ಲೆಕ್ಕ. ಈಗ ಅದೇ ದಾರಿಗೆ 25 ಜನರ ತಂಡವನ್ನು ಬಿಡಿ. ಒಬ್ಬೊಬ್ಬರೇ ಕೈಯೂರಿ ಹತ್ತಬೇಕಾದ ಬಂಡೆಯಲ್ಲಿ ತಲಾ ಒಂದು ನಿಮಿಷ ಹಿಡಿದರೂ ಕೊನೆಯವರು 24 ನಿಮಿಷ ಕಾಯಬೇಕು. ಹತ್ತಿದವರು ಮೇಲೆ ನಿಂತು ಉಳಿದವರೆಲ್ಲ ಬರಲಿ ಎನ್ನುತ್ತಾರೆ. ಸ್ನೇಹದ ಗುಂಪಲ್ಲವೇ, ನಿಂತೇ ನಿಲ್ಲುತ್ತಾರೆ. ಹಾಗಾಗಿ ಮುಂದಿನ ಬಂಡೆಯಲ್ಲಿ ಸರದಿ ಮತ್ತೆ ಮೊದಲಿನಿಂದ ಶುರು. ಅಂಥ ಮೂರು ಕಡೆ ದಾಟುವಷ್ಟರಲ್ಲಿ 72 ನಿಮಿಷ ಕೈಬಿಟ್ಟಿರುತ್ತದೆ. ಇಳಿಯುವಾಗಲೂ ಇದೇ ಕಥೆ, ಆದರೆ ಆಗ ಮಂಡಿ ಸೋತಿರುತ್ತದೆ, ಬೆಳಕೂ ಕಡಿಮೆಯಾಗಿರುತ್ತದೆ. ತಂಡ 10 ಜನರದ್ದಾಗಿದ್ದರೆ ಆ 72 ನಿಮಿಷ 27ಕ್ಕೆ ಇಳಿಯುತ್ತದೆ. ದಿನಕ್ಕೆ ಎಷ್ಟು ಜನ ಎಂಬ ಮಿತಿಯೊಂದೇ ಸಾಲದು. ಹತ್ತು ಹತ್ತು ಜನರನ್ನು 20 ನಿಮಿಷಕ್ಕೊಮ್ಮೆ ಬಿಡಿ. ಪ್ರತಿ ತಂಡದ ಮುಂದೊಬ್ಬರು, ಹಿಂದೊಬ್ಬರು ದಾರಿ ಬಲ್ಲವರಿರಲಿ. ಹಿಂದಿನವರನ್ನು ನಾವು 'ಸ್ವೀಪ್' ಎನ್ನುತ್ತೇವೆ. ಅವರನ್ನು ದಾಟಿ ಯಾರೂ ಹಿಂದುಳಿಯುವಂತಿಲ್ಲ.

ಸರದಿ ಕಾಯುವವರಿಗೆ ಬುಡದಲ್ಲಿ ಜಾಗ ಬೇಕು. ಜಲ್ಲಿ ಹಾಕಿ ದಮ್ಮಸು ಮಾಡಿದ ಅಂಗಳ, ಒಂದು ಸೂರು, ಎದುರುಬದುರು ಕಲ್ಲುಬೆಂಚು, ಕುಡಿಯುವ ನೀರಿನ ನಲ್ಲಿ, ಶೌಚಾಲಯ. ಶೌಚಾಲಯ ಮುಖ್ಯ. ನೀರಿನ ಸೆಲೆಯಿಂದ 60 ಮೀಟರ್ ದೂರದಲ್ಲಿ 15ರಿಂದ 20 ಸೆಂ.ಮೀ. ಆಳದ ಗುಂಡಿ ತೋಡಿ ಮುಚ್ಚುವ ಪದ್ಧತಿ ನಾಲ್ಕಾರು ಜನರಿಗೆ ಸರಿ. ಕಲ್ಲುನೆಲದ ಬೆಟ್ಟದಲ್ಲಿ ನೂರಾರು ಜನರಿಗೆ ಅಷ್ಟು ಮಣ್ಣು ಎಲ್ಲಿಂದ ಬರಬೇಕು? ಇಳಿದು ಬಂದವರೂ ಇದೇ ಅಂಗಳದಲ್ಲಿ ಕೂತು ಮಾತಾಡಲಿ. ತುದಿಯಲ್ಲಿ ಬೆವರಿದ ಹತ್ತಿಬಟ್ಟೆಯಲ್ಲಿ ಗಂಟೆಗಟ್ಟಲೆ ಕೂರುವುದು ಒಳ್ಳೆಯದಲ್ಲ. 900 ಮೀಟರ್ ಮೇಲೇರಿದರೆ ತಾಪಮಾನ ಸುಮಾರು 6 ಡಿಗ್ರಿ ಇಳಿದಿರುತ್ತದೆ, ಗಾಳಿಯ ಚಳಿ ಬೇರೆ.

ಅಂಗಳದಲ್ಲೊಂದು ಮರದ ಹಲಗೆ, ಅದರಲ್ಲಿ ಸಾಲಾಗಿ ಮೊಳೆ, ಮೊಳೆಗೊಂದು ನಂಬರಿನ ಬಿಲ್ಲೆ. ಹೊರಡುವಾಗ ಗುರುತಿನ ಚೀಟಿ ಕೊಟ್ಟು ಬಿಲ್ಲೆ ಪಡೆಯಬೇಕು, ಇಳಿದ ಮೇಲೆ ಬಿಲ್ಲೆ ಕೊಟ್ಟು ಚೀಟಿ ಬಿಡಿಸಿಕೊಳ್ಳಬೇಕು. ಬರೀ ಪುಸ್ತಕದಲ್ಲಿ ಸಹಿ ಹಾಕಿಸಿದರೆ ಹೋಗುವಾಗ ಹಾಕುತ್ತಾರೆ, ಬಂದಾಗ ಬಸ್ಸಿನ ಅವಸರದಲ್ಲಿ ಮರೆಯುತ್ತಾರೆ. ಸಂಜೆ ಖಾಲಿ ಮೊಳೆ ಕಂಡರೆ ಕಾವಲುಗಾರರಿಗೆ ಬೇರೆ ವಿಚಾರಣೆ ಬೇಕಿಲ್ಲ. ಪಕ್ಕದಲ್ಲೇ ಅಪಾಯದ ಸಂಕೇತ ಬರೆಸಿ: ನಿಮಿಷಕ್ಕೆ 6 ಸಲ ಸೀಟಿ, ಒಂದು ನಿಮಿಷ ಬಿಡುವು, ಮತ್ತೆ 6, ಉತ್ತರವಾಗಿ ನಿಮಿಷಕ್ಕೆ 3. ಮೊಬೈಲ್ ಸಿಗದ ಕಡೆ ಸೀಟಿ ಕೇಳುತ್ತದೆ.

ಇನ್ನು ನೀರು. ಕಾಲ್ತುಳಿತಕ್ಕೆ ಗಟ್ಟಿಯಾದ ನೆಲ ಮಳೆನೀರನ್ನು ಹೀರುವುದಿಲ್ಲ, ದಾರಿಯೇ ಕಾಲುವೆಯಾಗುತ್ತದೆ. ಪಾದ ಮುಳುಗುವಷ್ಟು ಕೊರಕಲಾದ ಕೂಡಲೇ ಜನ ಪಕ್ಕದ ಹುಲ್ಲಿಗೆ ಹತ್ತುತ್ತಾರೆ. ಹುಲ್ಲು ಸತ್ತು ಅಲ್ಲೊಂದು ಹೊಸ ಕೊರಕಲು. ಒಂದು ಮೀಟರ್ ಅಗಲದ ದಾರಿಯ ಹೊರ ಅಂಚು ಒಳ ಅಂಚಿಗಿಂತ 5 ಸೆಂ.ಮೀ. ತಗ್ಗಿರಬೇಕು, ಆಗ ನೀರು ಅಡ್ಡಕ್ಕೆ ಜಾರಿಹೋಗುತ್ತದೆ. ಆದರೆ ನಡೆದೂ ನಡೆದೂ ನಡುಭಾಗ ಕುಸಿದು ಹೊರ ಅಂಚಿನಲ್ಲಿ ಮಣ್ಣಿನ ದಿಂಡು ಕಟ್ಟುತ್ತದೆ, ನೀರು ಒಳಗೇ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಅಲ್ಲಲ್ಲಿ ದಾರಿಗೆ ಅಡ್ಡಲಾಗಿ ಕಲ್ಲುಸಾಲು ಹೂಳುವುದು. ಸಾಲು ದಾರಿಗೆ 45ರಿಂದ 60 ಡಿಗ್ರಿ ಓರೆಯಾಗಿರಲಿ. ನೇರ ಅಡ್ಡ ಇಟ್ಟರೆ ಹಿಂದೆ ಹೂಳು ತುಂಬಿ, ನೀರು ಕಲ್ಲನ್ನೇ ಹಾರಿ ಮುಂದಕ್ಕೆ ಹರಿಯುತ್ತದೆ. ಮಳೆಗಾಲಕ್ಕೆ ಮುಂಚೆ ಒಮ್ಮೆ, ಮೊದಲ ದೊಡ್ಡ ಮಳೆಯ ನಂತರ ಒಮ್ಮೆ ಗುದ್ದಲಿಯಿಂದ ಹೂಳು ತೆಗೆದು, ನೀರು ಹೊರಹೋಗುವ ಬಾಯಿ ಬಿಡಿಸಿದರೆ ಸಾಕು. ಆ ಕೆಲಸಕ್ಕೆ ಚಾರಣಿಗರನ್ನೇ ಕರೆಯಿರಿ, ಖುಷಿಯಿಂದ ಬರುತ್ತೇವೆ.

ಕಾಂಕ್ರೀಟ್ ಮೆಟ್ಟಿಲು ಈ ಸಮಸ್ಯೆಯನ್ನು ಬಗೆಹರಿಸುವುದಿಲ್ಲ, ಮುಚ್ಚಿಡುತ್ತದೆ. ಬೆನ್ನುಚೀಲ ಹೊತ್ತು ಇಳಿಯುವವರಿಗೆ ಮೆಟ್ಟಿಲು ಎತ್ತರವಾದರೆ ಅವರು ಪಕ್ಕದ ಮಣ್ಣಿಗೆ ಇಳಿಯುತ್ತಾರೆ. ಆ ಜಾಡಿನಲ್ಲಿ ಹರಿದ ನೀರು ಮೆಟ್ಟಿಲ ಅಡಿಯ ಮಣ್ಣನ್ನು ಕೊರೆದು, ಒಂದು ದಿನ ಮೆಟ್ಟಿಲು ಟೊಳ್ಳಾಗಿ ತೂಗುತ್ತಿರುತ್ತದೆ. ತೀರಾ ಕಡಿದಾದ ಕಡೆ ಮೆಟ್ಟಿಲು ಬೇಕೇಬೇಕೆಂದರೆ ದಪ್ಪ ಕಲ್ಲುಗಳನ್ನು ಬಹುಪಾಲು ಹೂತು, ಕೆಳಗಿನ ಕಲ್ಲಿನ ಹಿಂಭಾಗದ ಮೇಲೆ ಮೇಲಿನ ಕಲ್ಲು ಕೂರುವಂತೆ, ಬುಡದಿಂದ ಮೇಲಕ್ಕೆ ಕಟ್ಟಿಸಿ.

ಅಂದಾಜುಪಟ್ಟಿಗೆ ಸಹಿ ಹಾಕುವ ಮೊದಲು ಎಂಜಿನಿಯರರನ್ನು ಒಂದು ಸಲ ಮಳೆ ಸುರಿಯುತ್ತಿರುವಾಗಲೇ ದಾರಿಗೆ ಕಳಿಸಿ. ನೀರು ಎಲ್ಲಿ ದಾರಿಗೆ ನುಗ್ಗುತ್ತದೆ, ಎಲ್ಲಿ ಬಿಡುತ್ತದೆ ಎಂದು ಗೂಟ ನೆಟ್ಟು ಬರಲಿ. ಬಿಸಿಲಿನಲ್ಲಿ ಅಳೆದರೆ ಅದು ಕಾಣುವುದಿಲ್ಲ.

ಇಂತಿ,
ವಾರಾಂತ್ಯದ ಚಾರಣಿಗರು