ಕಮೆಂಟ್ ಪೆಟ್ಟಿಗೆ ಮುಚ್ಚಬೇಡ ಮಾರಾಯ

ಪ್ರೀತಿಯ ಗೆಳೆಯ,

ನಿನ್ನ ಮೇಲ್ ಓದಿದೆ. ಬ್ಲಾಗ್ ಶುರು ಮಾಡಿ ಇನ್ನೂ ಸರಿಯಾಗಿ ವರ್ಷ ತುಂಬಿಲ್ಲ, ಆಗಲೇ ಕಮೆಂಟ್ ಪೆಟ್ಟಿಗೆಗೆ ಬೀಗ ಹಾಕುತ್ತೇನೆ ಅಂತ ಹೊರಟಿದ್ದೀಯ. ಒಂದು ಕಡೆ ರಾಶಿ ಸ್ಪ್ಯಾಮ್, ಇನ್ನೊಂದು ಕಡೆ ಹೆಸರೂ ಹೇಳದೆ ಬೈದು ಹೋಗುವ ಮಹಾನುಭಾವ. ಬೇಸರ ಆಗುವುದು ಸಹಜವೇ. ಆದರೂ ಮುಚ್ಚಬೇಡ ಅಂತಲೇ ಹೇಳುತ್ತೇನೆ.

ಮೊದಲು ಸ್ಪ್ಯಾಮ್ ಕಥೆ ಮುಗಿಸಿಬಿಡೋಣ. ಮೊನ್ನೆ ‘ತುಂಬಾ ಉಪಯುಕ್ತ ಬರಹ, ಧನ್ಯವಾದಗಳು’ ಅಂತ ಯಾರೋ ಬರೆದಿದ್ದಕ್ಕೆ ನೀನು ಖುಷಿಯಿಂದ ಉತ್ತರ ಕೊಟ್ಟಿದ್ದೀಯ ಅಲ್ವಾ? ಆ ಹೆಸರಿನ ಮೇಲೆ ಮೌಸ್ ಇಟ್ಟು ನೋಡು. ಯಾವುದೋ ಸಾಲ ಕೊಡುವ ಸೈಟಿನ ವಿಳಾಸ ಕಾಣುತ್ತದೆ. ಬರಹದ ಒಂದು ಮಾತನ್ನೂ ಮುಟ್ಟದೆ ಸುಮ್ನೆ ಹೊಗಳಿದರೆ ಅನುಮಾನ ಪಡು. ಅವರಿಗೆ ಬೇಕಾಗಿರುವುದು ನಿನ್ನ ಪುಟದಲ್ಲಿ ಒಂದು ಲಿಂಕ್, ಅಷ್ಟೇ. ಲಿಂಕ್ ಜಾಸ್ತಿ ಇದ್ದರೆ ಸರ್ಚಿನಲ್ಲಿ ಮೇಲೆ ಬರಬಹುದು ಅನ್ನುವ ಲೆಕ್ಕಾಚಾರ. ಈ ಆಸೆಗೆ ತಣ್ಣೀರು ಎರಚಬೇಕು ಅಂತಲೇ 2005ರ ಜನವರಿಯಲ್ಲಿ ಗೂಗಲ್ ‘ನೋಫಾಲೋ’ ಅನ್ನುವ ಗುರುತು ತಂದಿತು. ಆ ಗುರುತಿರುವ ಲಿಂಕುಗಳನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ ಅಂದಿತು. ಬ್ಲಾಗ್ ತಂತ್ರಾಂಶಗಳು ಕಮೆಂಟಿನ ಲಿಂಕುಗಳಿಗೆಲ್ಲ ಅದನ್ನು ಅಂಟಿಸತೊಡಗಿದವು. ಸ್ಪ್ಯಾಮ್ ಮಾತ್ರ ನಿಲ್ಲಲಿಲ್ಲ. ಹೆಚ್ಚಿನದನ್ನು ಕಳಿಸುವುದು ಪ್ರೋಗ್ರಾಮು, ಅದಕ್ಕೆ ಸುಸ್ತೂ ಇಲ್ಲ ನಾಚಿಕೆಯೂ ಇಲ್ಲ.

ನಿನ್ನ ಬ್ಲಾಗ್ ನಡೆಯುವುದು ವರ್ಡ್‌ಪ್ರೆಸ್ ತಂತ್ರಾಂಶದಲ್ಲಿ ಅಲ್ವಾ? ಸ್ಪ್ಯಾಮ್ ಸೋಸಿ ಬೇರೆ ಇಡುವ ಅಕಿಸ್ಮೆಟ್ ಅನ್ನುವ ಪ್ಲಗಿನ್, ಅಂದರೆ ಅದಕ್ಕೆ ಜೋಡಿಸುವ ಸಣ್ಣ ತಂತ್ರಾಂಶ, ಚಾಲೂ ಮಾಡು. ಅದೂ 2005ರಲ್ಲೇ ಬಂದದ್ದು, ವ್ಯಾಪಾರವಿಲ್ಲದ ಸ್ವಂತ ಬ್ಲಾಗಿಗೆ ದುಡ್ಡು ಕೊಡಲೇಬೇಕು ಅಂತಿಲ್ಲ. ಆಮೇಲೆ ಸೆಟ್ಟಿಂಗ್ಸ್ ಒಳಗೆ ಡಿಸ್ಕಶನ್ ಪುಟಕ್ಕೆ ಹೋಗು. ಹಿಂದೆ ಒಂದು ಕಮೆಂಟಾದರೂ ಒಪ್ಪಿಗೆಯಾದವರದ್ದು ಮಾತ್ರ ನೇರ ಪ್ರಕಟವಾಗಲಿ ಅನ್ನುವ ಆಯ್ಕೆ ಅಲ್ಲಿದೆ. ಅದಕ್ಕೆ ಟಿಕ್ ಇರಲಿ. ಹೊಸಬರು ಮೊದಲ ಸಲ ಬಾಗಿಲಲ್ಲಿ ಸ್ವಲ್ಪ ಕಾಯುತ್ತಾರೆ, ಆಮೇಲೆ ಅವರಿಗೆ ತಡೆಯಿಲ್ಲ. ಎಲ್ಲ ಕಮೆಂಟನ್ನೂ ನಾನೇ ಓದಿ ಒಪ್ಪಿಗೆ ಕೊಡುತ್ತೇನೆ ಅಂತ ಹಟ ಹಿಡಿಯಬೇಡ. ನೀನು ಎರಡು ದಿನ ಆ ಕಡೆ ತಲೆ ಹಾಕದಿದ್ದರೆ ಮಾತುಕತೆ ಅಲ್ಲೇ ಸತ್ತುಹೋಗುತ್ತದೆ.

ಟ್ರಾಫಿಕ್ ಲೈಟ್ ಇರುವ ಚೌಕಗಳನ್ನು ಒತ್ತಿಸುವ ಆ ಕ್ಯಾಪ್ಚಾ ಮಾತ್ರ ಹಾಕಬೇಡ. ಫೋನಿನಲ್ಲಿ ಕಷ್ಟಪಟ್ಟು ನಾಲ್ಕು ಸಾಲು ಕನ್ನಡ ಟೈಪ್ ಮಾಡಿದವರಿಗೆ ಆಮೇಲೆ ಪರೀಕ್ಷೆ ಬೇರೆ ಇಟ್ಟರೆ ಎದ್ದು ಹೋಗುತ್ತಾರೆ. ಹಾಗೇ ಸ್ಪ್ಯಾಮ್ ಪೆಟ್ಟಿಗೆಯನ್ನು ವಾರಕ್ಕೊಮ್ಮೆ ಇಣುಕಿ ನೋಡು. ಒಳ್ಳೆಯ ಕಮೆಂಟುಗಳೂ ಒಮ್ಮೊಮ್ಮೆ ಅಲ್ಲಿ ಹೋಗಿ ಬೀಳುತ್ತವೆ. ಅಕಿಸ್ಮೆಟ್ 15 ದಿನ ಇಟ್ಟುಕೊಂಡು ಅಳಿಸಿಬಿಡುತ್ತದೆ.

ಇನ್ನು ಬೈಯುವವನ ವಿಷಯ. ಬರಹದ ಬಗ್ಗೆ ಎಷ್ಟೇ ಕಹಿಯಾಗಿ ಬರೆದರೂ ಇರಲಿ ಬಿಡು. ನಿನ್ನ ಮನೆಯವರ ಬಗ್ಗೆ, ಬೇರೆ ಓದುಗರ ಬಗ್ಗೆ ಕೆಟ್ಟ ಮಾತಾಡಿದರೆ ಅಳಿಸು. ಉತ್ತರ ಬೇಡ, ಯಾಕೆ ಅಳಿಸಿದೆ ಅನ್ನುವ ವಿವರಣೆಯೂ ಬೇಡ. ‘ಅಭಿಪ್ರಾಯ ಸ್ವಾತಂತ್ರ್ಯ’ ಅಂತ ಕೂಗುತ್ತಾನೆ, ಕೂಗಲಿ. ಅವನೂ ಒಂದು ಬ್ಲಾಗ್ ತೆರೆದು ಬರೆದುಕೊಳ್ಳಬಹುದಲ್ಲ? ಅವನ ಮಾತನ್ನು ತಿದ್ದಿ ಮೃದು ಮಾಡಿ ಪ್ರಕಟಿಸುವ ಕೆಲಸ ಮಾತ್ರ ಎಂದೂ ಮಾಡಬೇಡ. ಇಟ್ಟರೆ ಇದ್ದ ಹಾಗೇ ಇಡು, ಇಲ್ಲ ತೆಗೆದುಹಾಕು.

ಮುಚ್ಚಬೇಡ ಅಂದೆನಲ್ಲ, ಅದಕ್ಕೆ ಕಾರಣ ಹೇಳುತ್ತೇನೆ. ಲೋಲಕದ ಹಳೇ ಗೋಡೆ ಗಡಿಯಾರ ರಿಪೇರಿ ಮಾಡಿಸಿದ ಬಗ್ಗೆ ನಾನೊಂದು ಸಣ್ಣ ಬರಹ ಹಾಕಿದ್ದೆ, ನೆನಪಿದೆಯಾ? ಆ ಕೆಲಸ ಬಲ್ಲ ಓದುಗರೊಬ್ಬರು ಕೆಳಗೆ ಉದ್ದಕ್ಕೆ ಬರೆದರು. ಬೇಸಿಗೆಯಲ್ಲಿ ಲೋಹದ ಕಡ್ಡಿ ಹಿಗ್ಗುತ್ತದೆ, ಲೋಲಕ ಉದ್ದವಾಗುತ್ತದೆ, ಅದಕ್ಕೇ ಗಡಿಯಾರ ನಿಧಾನವಾಗುತ್ತದೆ ಅಂತ. ಗುಂಡಿನ ಕೆಳಗಿನ ತಿರುಪನ್ನು ಕೊಂಚ ಮೇಲಕ್ಕೆ ಏರಿಸಿ, ಒಂದು ದಿನ ಬಿಟ್ಟು ನೋಡಿ, ಒಂದೇ ಸಲ ಜಾಸ್ತಿ ತಿರುಗಿಸಬೇಡಿ ಅಂತ. ನನ್ನ ಬರಹಕ್ಕಿಂತ ಅವರ ಕಮೆಂಟೇ ದೊಡ್ಡದು, ಒಳ್ಳೆಯದೂ ಅದೇ. ಈಗಲೂ ಆ ಪುಟಕ್ಕೆ ಜನ ಬರುವುದು ಅದನ್ನು ಓದೋಕೆ. ಬರಹ ಪ್ರಕಟವಾಗಿ ಎಷ್ಟೋ ಕಾಲದ ಮೇಲೆ ಬಂದ ಕಮೆಂಟು ಅದು. ಹಳೇ ಬರಹಗಳಿಗೆ ಕಮೆಂಟ್ ತಾನಾಗಿ ಮುಚ್ಚಿಕೊಳ್ಳುವ ಆಯ್ಕೆಯೂ ಅದೇ ಡಿಸ್ಕಶನ್ ಪುಟದಲ್ಲಿದೆ, ಅಲ್ಲಿ 14 ದಿನ ಅಂತ ಮೊದಲೇ ತುಂಬಿರುತ್ತದೆ. ಸ್ಪ್ಯಾಮ್ ತಡೆಗೆ ಒಳ್ಳೆಯದೇ, ಆದರೆ ನಾನಂತೂ ಅದನ್ನು ಮುಟ್ಟಿಲ್ಲ.

ಓದುಗರ ಲೆಕ್ಕ ಕುಸಿದಿದೆ ಅಂತ ಬೇರೆ ಕೊರಗಿದ್ದೀಯ. ಯಾವ ಲೆಕ್ಕ ಅದು? ಒಬ್ಬರೇ ಐದು ಪುಟ ತೆರೆದರೆ ಐದು ವೀಕ್ಷಣೆ, ಓದುಗ ಒಬ್ಬನೇ. ಸರ್ವರ್ ಬರೆದಿಡುವ ಭೇಟಿಗಳ ದಾಖಲೆ (ಲಾಗ್) ನೋಡಿದರೆ ಗೂಗಲಿನ ಪುಟ ಹುಡುಕುವ ಪ್ರೋಗ್ರಾಮು, ಆ ಗೂಗಲ್ ಬಾಟ್, ಬಂದು ಹೋಗಿದ್ದೂ ಎಣಿಕೆಯಲ್ಲಿ ಸೇರಿರುತ್ತದೆ. ಓದುಗರ ಬ್ರೌಸರಿನಲ್ಲಿ ಓಡಿ ಭೇಟಿ ಎಣಿಸುವ ಅನಲಿಟಿಕ್ಸ್ ಆದರೆ ಉಲ್ಟಾ, ಜಾಹೀರಾತು ತಡೆಯುವ ಎಕ್ಸ್‌ಟೆನ್ಶನ್ ಹಾಕಿಕೊಂಡ ನಿಜವಾದ ಓದುಗರೇ ಎಷ್ಟೋ ಸಲ ಬಿಟ್ಟುಹೋಗುತ್ತಾರೆ. ಹೊಸ ಬರಹಗಳನ್ನು ಬೇರೆ ಆ್ಯಪಿಗೆ ತಲುಪಿಸುವ ಫೀಡಿನಲ್ಲೇ ಪೂರ್ತಿ ಓದಿ ಮುಗಿಸುವವರು ಈ ಲೆಕ್ಕಕ್ಕೆ ಸರಿಯಾಗಿ ಸಿಗುವುದಿಲ್ಲ. ‘ಡೈರೆಕ್ಟ್’, ಅಂದರೆ ಎಲ್ಲಿಂದ ಬಂದರು ಅಂತ ಗೊತ್ತಾಗದವರು, ಅಂತ ಕಾಣುವವರಲ್ಲಿ ಬಹಳ ಜನ ವಾಟ್ಸಾಪ್‌ನಲ್ಲಿ ಯಾರೋ ಕಳಿಸಿದ ಲಿಂಕ್ ಒತ್ತಿ ಬಂದವರು ಇರಬಹುದು. ಎಲ್ಲಿಂದ ಬಂದರು ಅನ್ನುವ ಪಟ್ಟಿಯಲ್ಲಿ ವಿಚಿತ್ರ ಹೆಸರಿನ ಸೈಟ್ ಕಂಡರೆ ಕುತೂಹಲಕ್ಕೂ ಒತ್ತಬೇಡ. ನೀನು ಒತ್ತಲಿ ಅಂತಲೇ ಅದನ್ನು ಅಲ್ಲಿ ತೂರಿಸಿರುತ್ತಾರೆ. ನನ್ನ ಮಟ್ಟಿಗೆ ಉಪಯೋಗಕ್ಕೆ ಬರುವುದು ಒಂದೇ ಪಟ್ಟಿ, ಜನ ಯಾವ ಹಳೇ ಬರಹ ಹುಡುಕಿಕೊಂಡು ಬರುತ್ತಿದ್ದಾರೆ ಅನ್ನುವುದು. ಅದನ್ನು ತಿಂಗಳಿಗೊಮ್ಮೆ ನೋಡಿದರೆ ಧಾರಾಳ ಆಯಿತು.

ಇನ್ನೊಂದು ವಿಷಯ. ಬ್ಯಾಕಪ್ ಇಟ್ಟಿದ್ದೀಯೋ ಇಲ್ಲವೋ? 2009ರಲ್ಲಿ ಯಾಹೂ ಕಂಪನಿ ಜನ ಸ್ವಂತ ಪುಟ ಮಾಡಿಕೊಳ್ಳುತ್ತಿದ್ದ ತನ್ನ ಜಿಯೋಸಿಟೀಸ್ ಸೇವೆ ಮುಚ್ಚಿದಾಗ ಎಷ್ಟೋ ಜನರ ಸ್ವಂತ ಪುಟಗಳು ಹೇಳಹೆಸರಿಲ್ಲದೆ ಹೋದವು. ವರ್ಡ್‌ಪ್ರೆಸ್‌ನ ಟೂಲ್ಸ್ ಒಳಗೆ ಎಕ್ಸ್‌ಪೋರ್ಟ್ ಒತ್ತಿದರೆ ಒಂದು ಫೈಲ್ ಸಿಗುತ್ತದೆ. ಬರಹದ ಜೊತೆ ಕಮೆಂಟುಗಳೂ ಅದರಲ್ಲಿ ಬರುತ್ತವೆ. ಫೋಟೋಗಳು ಬರುವುದಿಲ್ಲ, ಅವನ್ನು ಬೇರೆಯಾಗಿ ಇಳಿಸಿಟ್ಟುಕೋ. ಎಲ್ಲಾದರೂ ಸಿಕ್ಕಿಕೊಂಡರೆ ಭಾನುವಾರ ಫೋನ್ ಮಾಡು, ಇಬ್ಬರೂ ಕೂತು ನೋಡೋಣ.

ಇಂತಿ,
ನಿನ್ನ ಗೆಳೆಯ