ಭಾನುವಾರ ಹೊಲಿಗೆಗೆ ಬರುವವರಿಗೆ

ಅಕ್ಕಂದಿರೇ, ತಂಗಿಯರೇ, ಭಾನುವಾರ ಮಧ್ಯಾಹ್ನ ಮೂರಕ್ಕೆ ನಮ್ಮ ಪಡಸಾಲೆಯಲ್ಲಿ ಸೇರೋಣ. ಈ ಸಲ ಸಂತೆ ಚೀಲ, ರೊಟ್ಟಿ ಸುತ್ತುವ ಬಟ್ಟೆ, ಮಸಿಬಟ್ಟೆ.

ಹೊಸ ಬಟ್ಟೆ ಕೊಳ್ಳಬೇಡಿ. ನಮ್ಮ ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರಿಗೆ ಬರವೇ? ಕತ್ತರಿಸಿ ಉಳಿದ ತುಂಡುಗಳನ್ನು ಕೇಳಿ ತನ್ನಿ. ಚೀಲಕ್ಕೆ ಅದೇ ಗಟ್ಟಿ. ತೆಳು ಸೂಜಿ ಮುರಿಯುತ್ತದೆ, 16 ಅಥವಾ 18ನೇ ನಂಬರಿನದು ಹಾಕಿ. ಹಿಡಿ ಕೂಡುವ ಕಡೆ ಚೌಕ ಹೊಲಿದು, ಅದರೊಳಗೆ ಮೂಲೆಯಿಂದ ಮೂಲೆಗೆ ಎರಡು ಅಡ್ಡ ಹೊಲಿಗೆ ಹಾಕಿ. ಜೋಳ, ಬೇಳೆ ತುಂಬಿದಾಗ ಮೊದಲು ಕಿತ್ತು ಬರುವುದು ಅಲ್ಲೇ.

ರೊಟ್ಟಿ ಬಟ್ಟೆಗೆ ಮಾತ್ರ ಜೀನ್ಸ್ ಬೇಡ. ಹಳೆಯ ಕಾಟನ್ ಸೀರೆ, ಧೋತರ ತನ್ನಿ, ಎರಡು ಪದರ ಮಾಡೋಣ. ಪಾಲಿಯೆಸ್ಟರ್ ಹಬೆ ಹೀರುವುದಿಲ್ಲ, ಬಿಸಿ ರೊಟ್ಟಿ ಬೆವರಿ ಮೆತ್ತಗಾಗುತ್ತದೆ. ಮಸಿಬಟ್ಟೆಗಂತೂ ಅದು ಬೇಡವೇ ಬೇಡ, ಬೆಂಕಿ ತಗುಲಿದರೆ ಕರಗಿ ಕೈಗೆ ಅಂಟುತ್ತದೆ.

ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಆದರೂ ತರಕಾರಿ ಜೊತೆ ಅದೇ ಮನೆಗೆ ಬರುತ್ತದೆ, ಚರಂಡಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ದನಗಳು ತಿನ್ನುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ, ಅಲ್ವಾ?

ಬಟ್ಟೆ ಒಗೆದು ಒಣಗಿಸಿ ತನ್ನಿ. ಮಷಿನ್ ತರುವವರು ಶನಿವಾರದೊಳಗೆ ಇಲ್ಲೇ ಹೆಸರು ಹಾಕಿ.